ಒಪ್ಪಿಗೆ ಕೇಳದೆ ಕಲೆಹಾಕಿದ ಅರಿವು

ಮಂಗಳೂರಿನ ಬಂದರ್‌ನ ದಕ್ಕೆಯಿಂದ ಆಳಸಮುದ್ರಕ್ಕೆ ಹೊರಡುವ ಬೋಟುಗಳು ಡೀಸೆಲ್ ಮತ್ತು ಮಂಜುಗಡ್ಡೆಯ ಜೊತೆಗೆ ದಿನಗಟ್ಟಲೆ ಸಾಕಾಗುವಷ್ಟು ಸಿಹಿನೀರನ್ನೂ ತುಂಬಿಕೊಳ್ಳುತ್ತವೆ. ಎಂಜಿನ್ ಕೆಟ್ಟು ಬೋಟು ಎಲ್ಲೆಲ್ಲಿಗೋ ತೇಲಿಹೋದರೂ ಕಡಲ ನೀರನ್ನು ಕುಡಿಯಬಾರದು ಎಂಬುದನ್ನು ಕರಾವಳಿಯ ಮೀನುಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಲೀಟರಿಗೆ ಸುಮಾರು 35 ಗ್ರಾಂನಷ್ಟಿರುವ ಅದರ ಉಪ್ಪನ್ನು ಹೊರಹಾಕಲು ಮೂತ್ರಪಿಂಡ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೈಯಿಂದಲೇ ತೆಗೆಯಬೇಕಾಗುತ್ತದೆ. ಕುಡಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ, ಕೊನೆಗೆ ಜೀವ ಹೋಗುತ್ತದೆ.

ಜಗತ್ತಿನ ಎಲ್ಲ ಕಡಲತೀರಗಳಿಗೂ ಗೊತ್ತಿದ್ದ ಈ ಸಂಗತಿಯ ಮೇಲೆ 1944ರಲ್ಲಿ ಜರ್ಮನಿಯ ಡಾಖೌ ಸೆರೆಶಿಬಿರದಲ್ಲಿ ಒಂದು ‘ಪ್ರಯೋಗ’ ನಡೆಯಿತು. ಬೇರೊಂದು ಶಿಬಿರದಿಂದ ಕರೆತಂದ ರೋಮಾ ಸಮುದಾಯದ 44 ಕೈದಿಗಳಲ್ಲಿ ಹಲವರಿಗೆ ದಿನಗಟ್ಟಲೆ ಕಡಲ ನೀರನ್ನಷ್ಟೇ ಕೊಟ್ಟರು. ಹಾಗೆ ಸಿಕ್ಕಿದ ಅಂಕಿ ಅಂಶಗಳನ್ನು ಇಂದು ಒಬ್ಬ ವೈದ್ಯ, ಒಬ್ಬ ಸಂಶೋಧಕ ಅಥವಾ ಒಂದು ಸರ್ಕಾರ ಬಳಸಬಹುದೇ? ಎರಡನೇ ಮಹಾಯುದ್ಧ ಮುಗಿದ ದಿನದಿಂದ ವೈದ್ಯಲೋಕ ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಲೇ ಇದೆ. ಮಂಗಳೂರಿನಂಥ ಊರಿಗೆ ಇದು ದೂರದ ಪ್ರಶ್ನೆಯಲ್ಲ. ಮೂರಕ್ಕಿಂತ ಹೆಚ್ಚು ಮೆಡಿಕಲ್ ಕಾಲೇಜುಗಳಿರುವ, ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಇಂದಿಗೂ ಚಿಕಿತ್ಸೆಗೆ ಬರುವ ನಗರವಿದು. ಇಲ್ಲಿ ಆ ಪ್ರಶ್ನೆಯನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕಾಗಿದೆ.

ಡಾಖೌನ ಉಪ್ಪುನೀರು

ಸಮುದ್ರಕ್ಕೆ ಬಿದ್ದ ವಿಮಾನ ಚಾಲಕರಿಗಾಗಿ ಜರ್ಮನ್ ವಾಯುಪಡೆಯ ಮುಂದೆ ಎರಡು ವಿಧಾನಗಳಿದ್ದವು. ಕೊನ್ರಾಡ್ ಶೇಫರ್ ರೂಪಿಸಿದ್ದು ನೀರಿನಿಂದ ಉಪ್ಪನ್ನು ನಿಜವಾಗಿಯೂ ತೆಗೆಯುತ್ತಿತ್ತು, ಆದರೆ ಅದಕ್ಕೆ ಬೆಳ್ಳಿ ಬೇಕಿತ್ತು. ‘ಬೆರ್ಕಟಿಟ್’ ಎಂಬ ಇನ್ನೊಂದು ಅಗ್ಗದ್ದು. ಅದು ರುಚಿಯನ್ನಷ್ಟೇ ಮರೆಸುತ್ತಿತ್ತು, ಉಪ್ಪು ಹಾಗೆಯೇ ಉಳಿಯುತ್ತಿತ್ತು. ಉಪ್ಪು ಉಳಿದ ನೀರು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ರಸಾಯನಶಾಸ್ತ್ರದಿಂದಲೇ ತಿಳಿಯುತ್ತಿತ್ತು. ಆದರೂ ವಿಯೆನ್ನಾದ ಪ್ರಸಿದ್ಧ ಪ್ರೊಫೆಸರ್ ಹಾನ್ಸ್ ಎಪಿಂಗರ್ ಬೆಂಬಲದಲ್ಲಿ ವಿಲ್ಹೆಲ್ಮ್ ಬೈಗಲ್‌ಬ್ಯೋಕ್ ಎಂಬ ವೈದ್ಯ ಜೀವಂತ ಮನುಷ್ಯರ ಮೇಲೆ ಅದನ್ನು ‘ಸಾಬೀತು’ ಮಾಡಹೊರಟ.

1947ರಲ್ಲಿ ನ್ಯೂರೆಂಬರ್ಗ್‌ನ ವೈದ್ಯರ ವಿಚಾರಣೆಯಲ್ಲಿ ಕಾರ್ಲ್ ಹ್ಯೋಲೆನ್‌ರೈನರ್ ಎಂಬ ರೋಮಾ ಸಾಕ್ಷಿಗೆ, ನಿನ್ನ ಮೇಲೆ ಪ್ರಯೋಗ ಮಾಡಿದವನನ್ನು ಗುರುತಿಸು ಎಂದು ಹೇಳಲಾಯಿತು. ಆತ ಆರೋಪಿಗಳ ಸಾಲಿನತ್ತ ನುಗ್ಗಿ ಬೈಗಲ್‌ಬ್ಯೋಕ್‌ನನ್ನು ಹೊಡೆಯಲು ಯತ್ನಿಸಿದ. ನ್ಯಾಯಾಲಯಕ್ಕೆ ಅಗೌರವ ತೋರಿದ್ದಕ್ಕಾಗಿ ಅವನಿಗೇ 90 ದಿನಗಳ ಸೆರೆವಾಸ ವಿಧಿಸಿದರು. ಬೈಗಲ್‌ಬ್ಯೋಕ್ ತನ್ನ ಟಿಪ್ಪಣಿಗಳನ್ನು ತಿದ್ದಿದ್ದು ಅದೇ ವಿಚಾರಣೆಯಲ್ಲಿ ಬಯಲಾಯಿತು. ಹದಿನೈದು ವರ್ಷಗಳ ಶಿಕ್ಷೆ ಹತ್ತಕ್ಕೆ ಇಳಿದು, 1951ರಲ್ಲೇ ಅವನು ಹೊರಬಂದ.

ಅದೇ ಯುದ್ಧಕಾಲದಲ್ಲಿ ಬ್ರಿಟನ್ನಿನ ಲ್ಯಾಡೆಲ್ ಎಂಬ ಶರೀರಕ್ರಿಯಾ ವಿಜ್ಞಾನಿ ತಾವಾಗಿಯೇ ಮುಂದೆ ಬಂದ ಸ್ವಯಂಸೇವಕರ ಮೇಲೆ, ಕಡಿಮೆ ನೀರು ಮತ್ತು ಕಡಲ ನೀರಿನ ಪರಿಣಾಮವನ್ನು ಅಧ್ಯಯನ ಮಾಡಿ 1943ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಅಮೆರಿಕದಲ್ಲಿ ಜೇಮ್ಸ್ ಗ್ಯಾಂಬಲ್ ಕೂಡ ಸ್ವಯಂಸೇವಕರ ನೆರವಿನಿಂದ, ಕಡಲಲ್ಲಿ ಸಿಕ್ಕಿಬಿದ್ದವರಿಗೆ ದಿನಕ್ಕೆ ಎಷ್ಟು ನೀರು ಬೇಕು ಎಂದು ಲೆಕ್ಕ ಹಾಕಿದ್ದ. ಬದುಕುಳಿಯಲು ಬೇಕಾದ ಅರಿವು ಒಪ್ಪಿಗೆಯ ದಾರಿಯಿಂದ ಆಗಲೇ ಬಂದಿತ್ತು. ಡಾಖೌ ಅದಕ್ಕೆ ಏನನ್ನೂ ಸೇರಿಸಲಿಲ್ಲ.

ಸುಳ್ಳಾದ ಲೆಕ್ಕಗಳು, ಮಾರಾಟವಾದ ಲೆಕ್ಕಗಳು

ಅನೈತಿಕ ಪ್ರಯೋಗಗಳ ಮಾತು ಬಂದಾಗಲೆಲ್ಲ ಮೊದಲು ಎದ್ದುಬರುವುದು ಡಾಖೌನದ್ದೇ ಇನ್ನೊಂದು ಪ್ರಕರಣ. 1942ರ ಆಗಸ್ಟ್‌ನಿಂದ 1943ರ ಮೇವರೆಗೆ ಸಿಗ್ಮಂಡ್ ರಾಷರ್ ಎಂಬ ವೈದ್ಯ ಕೈದಿಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ಅವರ ಮೈಬಿಸಿ ಇಳಿಯುವುದನ್ನು ಅಳೆದ. ಸುಮಾರು 300 ಜನ ಇದಕ್ಕೆ ಗುರಿಯಾದರು, 80ರಿಂದ 90 ಮಂದಿ ಸತ್ತರು. ಯುದ್ಧ ಮುಗಿದ ಮೇಲೆ ಅಮೆರಿಕದ ಲಿಯೋ ಅಲೆಕ್ಸಾಂಡರ್ ಬರೆದ ವರದಿಯ ಮೂಲಕ ಈ ಅಂಕಿಗಳು ವೈದ್ಯಕೀಯ ಲೇಖನಗಳಿಗೆ ನುಸುಳಿ ದಶಕಗಳ ಕಾಲ ಉಲ್ಲೇಖಗೊಂಡವು. 1988ರಲ್ಲಿ ಮಿನೆಸೋಟದ ರಾಬರ್ಟ್ ಪೋಜೋಸ್, ಚಳಿಯಿಂದ ಸಾಯುವವರನ್ನು ಉಳಿಸಲು ಅವು ಬೇಕು ಎಂದು ಬಹಿರಂಗವಾಗಿ ಹೇಳಿದಾಗ ಚರ್ಚೆ ಭುಗಿಲೆದ್ದಿತು.

ಎರಡು ವರ್ಷಗಳ ನಂತರ ರಾಬರ್ಟ್ ಬರ್ಗರ್ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಮೂಲ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಪ್ರಯೋಗಕ್ಕೆ ಕ್ರಮಬದ್ಧ ಯೋಜನೆಯೇ ಇರಲಿಲ್ಲ, ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಫಲಿತಾಂಶವನ್ನು ಬೇಕಾದ ಹಾಗೆ ತಿರುಚಿದ ಸುಳಿವುಗಳಿದ್ದವು. ಹಸಿದು ಬಳಲಿದ ಕೈದಿಯ ದೇಹ ಆರೋಗ್ಯವಂತ ಚಾಲಕನ ದೇಹದ ಬಗ್ಗೆ ಏನನ್ನೂ ಹೇಳಲಾರದು. ಕ್ರೌರ್ಯವೂ ವಿಜ್ಞಾನವೂ ಜೊತೆಯಾಗಿ ನಡೆದಿದ್ದವು ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಮನುಷ್ಯನನ್ನು ಮನುಷ್ಯನೆಂದು ಕಾಣದವನು ಅಂಕಿಯನ್ನು ಮಾತ್ರ ಪ್ರಾಮಾಣಿಕವಾಗಿ ಬರೆದಾನು ಎಂದು ನಂಬಲು ನಮಗೆ ಆಧಾರವೇ ಇಲ್ಲ.

ಜಪಾನಿನ ಸೇನಾ ಘಟಕ 731ರ ಕಥೆ ಬೇರೆ ಬಗೆಯದು. ಹಾರ್ಬಿನ್ ಸಮೀಪ ಶಿರೋ ಇಶಿಯ ತಂಡ ಚೀನೀಯರೇ ಮೊದಲಾದ ಕೈದಿಗಳ ಮೇಲೆ ಪ್ಲೇಗ್, ಆಂಥ್ರಾಕ್ಸ್‌ನಂಥ ರೋಗಾಣುಗಳನ್ನು ಪ್ರಯೋಗಿಸಿತು. ಯುದ್ಧ ಗೆದ್ದ ಅಮೆರಿಕ ಆ ದಾಖಲೆಗಳನ್ನು ಪಡೆದುಕೊಳ್ಳಲು ಇಶಿ ಮತ್ತವನ ಸಹಚರರನ್ನು ವಿಚಾರಣೆಯಿಂದ ಪಾರುಮಾಡಿತು. ಹೀಗೆ ಪಡೆದ ದತ್ತಾಂಶದ ಬೆಲೆ ತೆತ್ತವರು ಸತ್ತವರು ಮತ್ತು ನ್ಯಾಯಕ್ಕಾಗಿ ಕಾದ ಅವರ ಮನೆಯವರು. ದತ್ತಾಂಶ ಬಳಸುವ ಆಸೆ ನ್ಯಾಯವನ್ನೇ ಬಲಿಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನಿಜವೂ ಹೌದು, ಬೇಕಾದದ್ದೂ ಹೌದು

ಲೆಕ್ಕ ಸುಳ್ಳಾಗಿದ್ದರೆ ಅದನ್ನು ಬದಿಗಿಡುವುದು ಸುಲಭ. ನಿಜವಾಗಿದ್ದರೆ, ಬೇರೆಲ್ಲೂ ಸಿಗದಂಥದ್ದಾಗಿದ್ದರೆ?

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯ 1960ರ ದಶಕದ ಮಧ್ಯದಲ್ಲಿ, ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡ ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ನೋಡುತ್ತಾ ಕುಳಿತ. ಅದು ಕ್ಯಾನ್ಸರ್ ಆಗುವುದಿಲ್ಲವೆಂಬುದು ಅವನ ನಂಬಿಕೆ. ಮಹಿಳೆಯರಿಗೆ ತಾವು ಅಧ್ಯಯನದ ಭಾಗವೆಂಬುದೇ ತಿಳಿದಿರಲಿಲ್ಲ. 1987ರಲ್ಲಿ ಸ್ಯಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಪತ್ರಿಕೆಯೊಂದರಲ್ಲಿ ಇದನ್ನು ಬಯಲಿಗೆಳೆದ ಮೇಲೆ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ನೇತೃತ್ವದ ವಿಚಾರಣೆ ನಡೆಯಿತು.

2008ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಗ್ರೀನ್ ಕೆಲಸ ಮಾಡಿದ ಆಸ್ಪತ್ರೆಯ 1,063 ಮಹಿಳೆಯರ ದಾಖಲೆಗಳ ವಿಶ್ಲೇಷಣೆ ಪ್ರಕಟವಾಯಿತು. ಸಣ್ಣ ಬಯಾಪ್ಸಿಯನ್ನಷ್ಟೇ ಮಾಡಿ ಬಿಟ್ಟವರಲ್ಲಿ 30 ವರ್ಷಗಳೊಳಗೆ ಶೇ 31ರಷ್ಟು ಜನರಿಗೆ ಕ್ಯಾನ್ಸರ್ ಬಂದಿತ್ತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ ಶೇ 0.7. ಇಷ್ಟು ಖಚಿತವಾದ ಅಂಕಿಯನ್ನು ನೈತಿಕವಾದ ಯಾವ ಅಧ್ಯಯನವೂ ಕೊಡಲಾರದು, ಯಾಕೆಂದರೆ ಚಿಕಿತ್ಸೆ ತಡೆಹಿಡಿಯಲು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. ಹಳ್ಳಿಹಳ್ಳಿಗಳಲ್ಲಿ ಗರ್ಭಕಂಠದ ತಪಾಸಣೆ ಯಾಕೆ ಬೇಕು ಎಂದು ವಾದಿಸುವವರಿಗೆ ಈ ಅಂಕಿ ಆಧಾರವಾಗಬಲ್ಲದು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಲೇಖಕರು ತಮ್ಮ ಸಾರಾಂಶದ ಆರಂಭದಲ್ಲೇ, ಇದು ಅನೈತಿಕ ಅಧ್ಯಯನದಿಂದ ಬಂದ ಮಾಹಿತಿ ಎಂದು ಬರೆದರು. ಅದನ್ನು ಅಡಿಟಿಪ್ಪಣಿಗೆ ತಳ್ಳಲಿಲ್ಲ.

ನಮ್ಮಲ್ಲೂ ಇಂಥದ್ದೇ ನಡೆದಿದೆ. 1976ರಿಂದ 1988ರವರೆಗೆ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಅಧೀನ ಸಂಸ್ಥೆಯೊಂದು 1,158 ಮಹಿಳೆಯರಲ್ಲಿ ಗರ್ಭಕಂಠದ ಇಂಥ ಬದಲಾವಣೆ ಹೇಗೆ ಮುಂದುವರಿಯುತ್ತದೆ ಎಂದು ನೋಡಿತು. ಅವರಿಂದ ಲಿಖಿತ ಒಪ್ಪಿಗೆ ಪಡೆದಿರಲಿಲ್ಲ. ಒಂಬತ್ತು ಮಂದಿಯಲ್ಲಿ ಅದು ಹರಡುವ ಕ್ಯಾನ್ಸರ್ ಆಯಿತು. 1997ರಲ್ಲಿ ಇದು ಪತ್ರಿಕೆಗಳಲ್ಲಿ ಬಯಲಾದಾಗ ಎದ್ದ ಪ್ರತಿಭಟನೆ, ಮಂಡಳಿ 2000ರಲ್ಲಿ ತಂದ ನೈತಿಕ ಮಾರ್ಗಸೂಚಿಗೆ ಒಂದು ಮುಖ್ಯ ಹಿನ್ನೆಲೆಯಾಯಿತು.

ಹುಬ್ಬಳ್ಳಿಯ ಲಸಿಕೆ, ಬೆಂಗಳೂರಿನ ಹಳ್ಳಿಗಳು

ಕನ್ನಡ ನಾಡಿನ ಹಳೆಯ ದಾಖಲೆಗಳಲ್ಲಿ ಎರಡು ಪ್ರಕರಣಗಳನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಎರಡನ್ನೂ ಡಾಖೌನ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ಕಪ್ಪು ಬಿಳುಪಿನ ನಡುವೆ ಎಷ್ಟು ಬಣ್ಣಗಳಿವೆ ಎಂಬುದನ್ನು ಅವು ತೋರಿಸುತ್ತವೆ.

ಮೊದಲನೆಯದು ಪ್ಲೇಗ್ ಲಸಿಕೆ. ಅದನ್ನು ರೂಪಿಸಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡು, ಆಮೇಲೆ ಮುಂಬಯಿಯ ಬೈಕುಲ್ಲಾ ಜೈಲಿನ ಕೈದಿಗಳಲ್ಲಿ ಅದನ್ನು ಪರೀಕ್ಷಿಸಿದ. ಕೈದಿಗಳು ಮುಂದೆ ಬಂದರು ಎಂದು ದಾಖಲೆ ಹೇಳುತ್ತದೆ. ಆದರೆ ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟು ಮುಕ್ತವಾದುದು ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅದೇ ಲಸಿಕೆ ಕೊಟ್ಟರು. ಲಸಿಕೆಯ ಚೀಟಿ ಇದ್ದವರಿಗೆ ಜನರು ಅತಿಯಾಗಿ ಹೆದರುತ್ತಿದ್ದ ಪ್ರತ್ಯೇಕ ಶಿಬಿರದ ಕಟ್ಟುಪಾಡುಗಳಿಂದ ವಿನಾಯಿತಿಯ ಆಸೆ ಇತ್ತು. ಅಂದರೆ ತೋಳು ಚಾಚಿದವರನ್ನು ಭಯವೂ ಹಿಂದಿನಿಂದ ತಳ್ಳುತ್ತಿತ್ತು. ಆ ಬಳಿಕ ಬಂದ ಭಾರತೀಯ ಪ್ಲೇಗ್ ಆಯೋಗ ಲಸಿಕೆಯಿಂದ ಪ್ರಯೋಜನವಿದೆ ಎಂದು ಒಪ್ಪಿತು, ಆದರೆ ಅಂಕಿಗಳು ಕರಾರುವಾಕ್ಕಾಗಿಲ್ಲ ಎಂದೂ ಹೇಳಿತು. ಒತ್ತಡದ ವಾತಾವರಣದಲ್ಲಿ ಸಿಗುವ ಅಂಕಿಗೆ ಈ ದೌರ್ಬಲ್ಯ ಇದ್ದೇ ಇರುತ್ತದೆ.

ಎರಡನೆಯದು ಇನ್ನೂ ಹತ್ತಿರದ್ದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಸಿತು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡ 126 ಜನರ ಗತಿಯನ್ನು ಐದು ವರ್ಷ ಹಿಂಬಾಲಿಸಿದಾಗ ಶೇ 49.2ರಷ್ಟು ಜನ ಸತ್ತಿದ್ದರು, ಶೇ 32.5ರಷ್ಟು ತಾವಾಗಿ ವಾಸಿಯಾಗಿದ್ದರು, ಉಳಿದವರ ಕಫದಲ್ಲಿ ರೋಗಾಣು ಇನ್ನೂ ಇತ್ತು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಈ ಅಂಕಿಗಳು, ಚಿಕಿತ್ಸೆ ಸಿಗದ ಕ್ಷಯ ಎಷ್ಟು ಮಾರಕ ಎಂದು ಲೆಕ್ಕ ಹಾಕುವ ವಿಜ್ಞಾನಿಗಳಿಗೆ ಇಂದಿಗೂ ಬೇಕಾಗುತ್ತವೆ.

ಇದು ಪ್ರಯೋಗವಲ್ಲ, ಸಮೀಕ್ಷೆ. ಯಾರಿಗೂ ರೋಗ ಅಂಟಿಸಲಿಲ್ಲ. ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಆ ಹಳ್ಳಿಗಳಿಗೆ ಬಂದಿರಲಿಲ್ಲ. ಇದೇ ಸಂಸ್ಥೆ ರೂಪಿಸಿದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಮುಂದೆ ದೇಶದಾದ್ಯಂತ ಹರಡಿತು. ಆದರೂ ಕ್ಷಯದ ಔಷಧ ಐಸೊನಿಯಜಿಡ್ 1952ರಿಂದಲೇ ಬಳಕೆಯಲ್ಲಿತ್ತು, ಮನೆಯಲ್ಲೇ ಕೊಡುವ ಚಿಕಿತ್ಸೆ ಫಲಕಾರಿ ಎಂಬುದನ್ನು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿತ್ತು. ರೋಗ ಗುರುತಿಸಿದ ಮೇಲೆ ಅದನ್ನು ವಾಸಿಮಾಡುವ ಹೊಣೆ ಗುರುತಿಸಿದವರ ಮೇಲೆ ಎಷ್ಟು? ಇಂದಿನ ಮಾರ್ಗಸೂಚಿಯಂತೆ ಇಂಥ ಅಧ್ಯಯನಕ್ಕೆ ಅನುಮತಿ ಸಿಗದು. ಹಾಗಿರುವಾಗ ಆ 126 ಜನರ ಅಂಕಿಯನ್ನು ಸೂತ್ರದೊಳಗೆ ಸೇರಿಸುವ ಪ್ರತಿಯೊಬ್ಬರೂ, ಅದು ಔಷಧವಿದ್ದ ಕಾಲದಲ್ಲಿ ಔಷಧ ತಲುಪದ ಊರಿನಿಂದ ಬಂದದ್ದು ಎಂಬ ಒಂದು ವಾಕ್ಯವನ್ನಾದರೂ ಬರೆಯಬೇಕು.

ಪಡ್ರೆಯ ಮಕ್ಕಳ ರಕ್ತ

ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟಗಳ ತಪ್ಪಲಲ್ಲಿ ಮನೆ, ಬಾವಿ, ಸುರಂಗ, ಶಾಲೆಗಳಿದ್ದವು. ಎಣ್ಮಕಜೆ ಪಂಚಾಯತ್‌ನ ಪಡ್ರೆಯಲ್ಲಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಹೆಚ್ಚುತ್ತಿದ್ದ ವಿಚಿತ್ರ ಕಾಯಿಲೆಗಳನ್ನು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಇಲ್ಲಿ ಅಧ್ಯಯನ ನಡೆಸಿತು. 2003ರಲ್ಲಿ ಪ್ರಕಟವಾದ ಅದರ ಫಲಿತಾಂಶ, ಪಡ್ರೆಯ 117 ಶಾಲಾ ಬಾಲಕರನ್ನು ಸಿಂಪಡಣೆ ಇಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿತು. ಪಡ್ರೆಯ ಬಾಲಕರ ರಕ್ತದಲ್ಲಿ ವಿಷದ ಅಂಶ ಬಹಳ ಹೆಚ್ಚಿತ್ತು, ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿತ್ತು. ಕೀಟನಾಶಕ ಉದ್ಯಮ ಈ ಅಧ್ಯಯನವನ್ನು ತೀವ್ರವಾಗಿ ಪ್ರಶ್ನಿಸಿತು.

ಇಲ್ಲಿ ಅಧ್ಯಯನ ಮಾಡಿದವರು ತಪ್ಪು ಮಾಡಲಿಲ್ಲ. ಅನ್ಯಾಯ ನಡೆದದ್ದು ಅದಕ್ಕೆ ಮೊದಲು. ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಊರಿನ ಮೇಲೆ ಯಾರನ್ನೂ ಕೇಳದೆ ವಿಷ ಸುರಿದರು, ಕೊನೆಗೆ ಅದರಿಂದ ಏನಾಗುತ್ತದೆ ಎಂಬುದಕ್ಕೆ ಆ ಊರಿನ ಮಕ್ಕಳ ಮೈಯೇ ಪುರಾವೆಯಾಯಿತು. ಆ ಪುರಾವೆಯನ್ನು ಬಳಸಬಾರದೆಂದರೆ ಪಡ್ರೆಯವರೇ ಒಪ್ಪುತ್ತಿರಲಿಲ್ಲ, ಎಂಡೋಸಲ್ಫಾನ್ ನಿಷೇಧಕ್ಕಾಗಿ ವಾದಿಸಲು ಅವರ ಕೈಯಲ್ಲಿದ್ದದ್ದು ಅದೇ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ನೀಡಿತು.

ಆಮೇಲೆ ಏನಾಯಿತು? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷಗಳ ನಂತರ, 2022ರ ಮೇಯಲ್ಲಿ, 3,704 ಸಂತ್ರಸ್ತರಲ್ಲಿ ಹಣ ತಲುಪಿದ್ದು ಕೋರ್ಟಿನ ಬಾಗಿಲು ತಟ್ಟಿದ ಎಂಟು ಜನರಿಗೆ ಮಾತ್ರ ಎಂದು ಅದೇ ನ್ಯಾಯಾಲಯ ಸಿಟ್ಟಿನಿಂದ ಗಮನಿಸಿತು. ಆ ಮಕ್ಕಳಿಂದ ಪಡೆದ ಅರಿವು ಜಗತ್ತನ್ನು ಸುತ್ತಿ ಬಂದಿತ್ತು. ಅದಕ್ಕೆ ಸಲ್ಲಬೇಕಾದ ಋಣ ಎಣ್ಮಕಜೆಯನ್ನು ತಲುಪಿರಲಿಲ್ಲ.

ಮೂರು ನಿಲುವುಗಳು

ಈ ಎಲ್ಲದರ ಮೇಲೆ ನಡೆದಿರುವ ವಾದಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಪೂರ್ಣ ನಿರಾಕರಣೆ. ಅಮೆರಿಕದ ಹೆನ್ರಿ ಬೀಚರ್ 1966ರಲ್ಲಿ 22 ಅನೈತಿಕ ಅಧ್ಯಯನಗಳನ್ನು ಬಯಲಿಗೆಳೆದಾಗ, ತಪ್ಪು ದಾರಿಯಿಂದ ಪಡೆದ ಫಲಿತಾಂಶ ಎಷ್ಟೇ ಬೆಲೆಬಾಳುವಂಥದ್ದಾದರೂ ಪ್ರಕಟಿಸಬಾರದು ಎಂದರು. ಪ್ರಕಟಣೆಯೇ ಬಹುಮಾನವಾದರೆ ಮುಂದಿನವನಿಗೆ ಧೈರ್ಯ ಬರುತ್ತದೆ ಎಂಬ ಭಯ ಇದರ ಹಿಂದಿದೆ. ಹೊಸ ಸಂಶೋಧನೆಯ ವಿಷಯದಲ್ಲಿ ಈ ನಿಲುವು ಗೆದ್ದಿದೆ. ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆಯಾದ ಹೆಲ್ಸಿಂಕಿ ಘೋಷಣೆ 1975ರಿಂದಲೂ ಇದನ್ನೇ ಹೇಳುತ್ತಿದೆ.

ಎರಡನೆಯದು, ಜ್ಞಾನಕ್ಕೆ ಕಳಂಕವಿಲ್ಲ, ಒಂದು ಜೀವ ಉಳಿಯುವುದಾದರೆ ಬಳಸೋಣ ಎಂಬ ವಾದ. ಇದಕ್ಕೆ ಬಲವಿದೆ. ಆದರೆ ಜೀವ ಉಳಿಯುತ್ತದೆ ಎಂಬ ಮಾತನ್ನು ಯಾರೂ ಪರೀಕ್ಷಿಸದಿದ್ದರೆ ಅದು ಬರೀ ನೆಪವಾಗುತ್ತದೆ. ಡಾಖೌನ ಅಂಕಿಗಳು ಅಷ್ಟು ವರ್ಷ ಓಡಾಡಿದ್ದು ಈ ನೆಪದ ಮೇಲೆಯೇ.

ಮೂರನೆಯದು ಷರತ್ತಿನ ಬಳಕೆ. ಅದನ್ನು ಬರಿಯ ಮಾತಾಗಿ ಬಿಡದೆ ಕಾನೂನಾಗಿಸಿದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಫಾಸ್ಜೀನ್ ಎಂಬ ವಿಷಾನಿಲದ ಮಿತಿ ನಿಗದಿಪಡಿಸಲು ನಾಜಿ ಪ್ರಯೋಗದ ಅಂಕಿಗಳನ್ನು ಸೇರಿಸಿದ್ದಾಗ ಅದರ ವಿಜ್ಞಾನಿಗಳೇ ಪ್ರತಿಭಟಿಸಿದರು. 1988ರಲ್ಲಿ ಸಂಸ್ಥೆಯ ಮುಖ್ಯಸ್ಥ ಲೀ ಥಾಮಸ್ ಅವುಗಳ ಬಳಕೆಯನ್ನು ನಿಷೇಧಿಸಿದರು. 2006ರ ನಿಯಮ ಅನೈತಿಕ ಸಂಶೋಧನೆಯ ದತ್ತಾಂಶವನ್ನು ಸಾಮಾನ್ಯವಾಗಿ ನಿರಾಕರಿಸಿ, ಒಂದೇ ಒಂದು ಬಾಗಿಲು ತೆರೆದಿಟ್ಟಿದೆ. ಜನರ ಆರೋಗ್ಯ ಕಾಯುವ ಕಟ್ಟುಪಾಡನ್ನು ಇನ್ನಷ್ಟು ಬಿಗಿಗೊಳಿಸಲು ಆ ದತ್ತಾಂಶ ಅನಿವಾರ್ಯವಾಗಿದ್ದರೆ, ಸ್ವತಂತ್ರ ಮಂಡಳಿಯ ಸಲಹೆಯನ್ನೂ ಸಾರ್ವಜನಿಕರ ಅಭಿಪ್ರಾಯವನ್ನೂ ಪಡೆದು, ಅದರ ನೈತಿಕ ದೋಷಗಳನ್ನು ವಿವರವಾಗಿ ಪ್ರಕಟಿಸಿ ಬಳಸಬಹುದು. ಕಟ್ಟುಪಾಡು ಸಡಿಲಿಸಲು, ಕಂಪನಿಗೆ ಅನುಕೂಲ ಮಾಡಿಕೊಡಲು ಬಳಸುವಂತಿಲ್ಲ.

ಐದನೆಯ ಷರತ್ತು

ಈ ಚರ್ಚೆಯಿಂದ ನಾಲ್ಕು ಷರತ್ತುಗಳನ್ನು ಹೆಕ್ಕಬಹುದು. ಲೆಕ್ಕ ನಿಜವಾಗಿರಬೇಕು. ಒಪ್ಪಿಗೆಯ ದಾರಿಯಿಂದ ಅದು ಸಿಗುವಂತಿರಬಾರದು. ಅದರ ಬಳಕೆ ನೊಂದವರಂಥ ಜನರನ್ನೇ ಕಾಯುವಂತಿರಬೇಕು. ಎಲ್ಲಿಂದ, ಹೇಗೆ ಬಂತು ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು. ಡಾಖೌ ಮೊದಲ ಎರಡರಲ್ಲೇ ಸೋಲುತ್ತದೆ. ಆಕ್ಲೆಂಡ್‌ನ 2008ರ ಲೇಖನ ನಾಲ್ಕನ್ನೂ ದಾಟುತ್ತದೆ.

ನಾನು ಇದಕ್ಕೆ ಐದನೆಯದೊಂದನ್ನು ಸೇರಿಸಬಯಸುತ್ತೇನೆ. ಪಡ್ರೆ ಕಲಿಸುವುದು ಅದನ್ನೇ. ಬಂದರ್‌ನ ಮಂಡಿಗಳಲ್ಲಿ ಕಡ ತಂದ ಮಾಲಿನ ಲೆಕ್ಕ ಕೊಟ್ಟವರ ಹೆಸರಿನಲ್ಲೇ ಪುಸ್ತಕದಲ್ಲಿರುತ್ತದೆ, ಮಾಲು ಮಾರಿಹೋದರೂ ಬಾಕಿ ತೀರುವವರೆಗೆ ಆ ಪುಟವನ್ನು ಹೊಡೆದುಹಾಕುವುದಿಲ್ಲ. ಒಪ್ಪಿಗೆಯಿಲ್ಲದೆ ಪಡೆದ ಅರಿವನ್ನು ಬಳಸುವವರೂ ಅಂಥದೇ ಬಾಕಿಯನ್ನು ಹೊತ್ತಿರುತ್ತಾರೆ. ಬದುಕಿರುವವರಿಗೆ ಚಿಕಿತ್ಸೆ, ಪರಿಹಾರ, ಕ್ಷಮೆ ಸಿಕ್ಕಿದೆಯೇ ಎಂದು ಕೇಳದೆ ಅವರ ಅಂಕಿಯನ್ನು ಮಾತ್ರ ಎತ್ತಿಕೊಳ್ಳುವುದು ಎರಡನೇ ಬಾರಿ ಅನ್ಯಾಯ ಮಾಡಿದಂತೆ. ಜಗತ್ತಿನ ನಿಯಮಗಳಲ್ಲಿ ಸತ್ತವರ ಘನತೆಯ ಮಾತಿದೆ, ಬದುಕಿರುವವರ ಬಾಕಿಯ ಮಾತು ಕಡಿಮೆ. ಡಾಖೌನ ಸಂತ್ರಸ್ತರಿಗೆ ನಾವು ಸಲ್ಲಿಸಬಹುದಾದದ್ದು ಸ್ಮರಣೆ ಮಾತ್ರ. ಎಣ್ಮಕಜೆಯವರಿಗೆ ಇನ್ನೂ ಬಹಳ ಸಲ್ಲಿಸಬಹುದು, ಅವರು ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲೇ ಸಾಲಿನಲ್ಲಿ ನಿಂತಿದ್ದಾರೆ.

ಇದು ಮಂಗಳೂರಿನಲ್ಲಿ ಕೈಗೂಡಬಹುದಾದ ಕೆಲಸ. ಇಲ್ಲಿನ ಮೆಡಿಕಲ್ ಕಾಲೇಜುಗಳಲ್ಲಿ ಪ್ರತಿವರ್ಷ ನೂರಾರು ಸ್ನಾತಕೋತ್ತರ ಪ್ರಬಂಧಗಳು ನೈತಿಕ ಸಮಿತಿಗಳ ಮುಂದೆ ಬರುತ್ತವೆ. ಪ್ರಬಂಧ ಆಧರಿಸಿರುವ ಹಳೆಯ ಅಧ್ಯಯನಗಳಲ್ಲಿ ಒಪ್ಪಿಗೆಯಿಲ್ಲದವು ಇವೆಯೇ, ಇದ್ದರೆ ಅದನ್ನು ಹೇಳಿದೆಯೇ ಎಂಬ ಒಂದು ಪ್ರಶ್ನೆಯನ್ನು ಸಮಿತಿಗಳು ತಮ್ಮ ನಮೂನೆಗೆ ಸೇರಿಸಬಹುದು. ಎಂಡೋಸಲ್ಫಾನ್ ಸಂತ್ರಸ್ತರ ದಾಖಲೆಗಳನ್ನು ಸಂಶೋಧನೆಗೆ ಬಳಸುವ ಪ್ರತಿ ಯೋಜನೆಯಲ್ಲೂ ಅವರ ಪ್ರತಿನಿಧಿಗಳ ಸಮ್ಮತಿ ಮತ್ತು ಮುಂದಿನ ಚಿಕಿತ್ಸೆಯ ಏರ್ಪಾಡು ಕಡ್ಡಾಯವಾಗಬೇಕು.

ನಾಳೆ ಇಂಥ ದತ್ತಾಂಶ ಹುಟ್ಟದಂತೆ ನೋಡಿಕೊಳ್ಳುವುದು ಇನ್ನೂ ದೊಡ್ಡ ಕೆಲಸ. ಐಸಿಎಂಆರ್‌ನ 2017ರ ಮಾರ್ಗಸೂಚಿ ಮತ್ತು 2019ರ ಹೊಸ ಔಷಧ ಹಾಗೂ ಕ್ಲಿನಿಕಲ್ ಪ್ರಯೋಗ ನಿಯಮಗಳು ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆನ್ನುತ್ತವೆ, ಹಾನಿಯಾದರೆ ಪರಿಹಾರವನ್ನೂ ಕಡ್ಡಾಯ ಮಾಡಿವೆ. ಬಂದರ್‌ನ ಪಕ್ಕದ ವೆನ್‌ಲಾಕ್ ಆಸ್ಪತ್ರೆಗೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವವರೂ ಬೋಟುಗಳಲ್ಲಿ ದುಡಿಯುವ ಹೊರರಾಜ್ಯದವರೂ ಬರುತ್ತಾರೆ. ಅವರ ಮುಂದೆ ಇಂಗ್ಲಿಷಿನಲ್ಲೋ ಪುಸ್ತಕದ ಕನ್ನಡದಲ್ಲೋ ಇರುವ ನಮೂನೆ ಹಿಡಿದು ಸಹಿ ಹಾಕಿಸಿಕೊಂಡರೆ ನಿಯಮ ಪಾಲಿಸಿದಂತಾಗುತ್ತದೆ, ಒಪ್ಪಿಗೆ ಪಡೆದಂತಾಗುವುದಿಲ್ಲ. ತುಳುವಿನಲ್ಲಿ ಕೂತು ವಿವರಿಸಿ, ‘ಬೇಡ’ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ರೋಗಿಗೆ ಖಾತ್ರಿಯಾಗುವವರೆಗೆ ಕಾಯುವ ಸಂಶೋಧಕರು ನಮಗೆ ಬೇಕು. ಅವರು ತರುವ ಅಂಕಿಗಳನ್ನು ಐವತ್ತು ವರ್ಷಗಳ ನಂತರದವರು ಅಳುಕಿಲ್ಲದೆ ಬಳಸಬಲ್ಲರು.